ಅಂಗೈಗೆ ಬಿದ್ದ ಕುಸುಬಿ ಎಣ್ಣೆ

ಕಳೆದ ವಾರ ಮಗಳು ಕಲಬುರಗಿಯ ದೊಡ್ಡ ಅಂಗಡಿಯಿಂದ ಕುಸುಬಿ ಎಣ್ಣೆಯ ಬಾಟಲಿ ತಂದಳು. ಮೇಲೆ ಗಾಣ ತಿರುಗಿಸುವ ಎತ್ತಿನ ಚಿತ್ರವಿತ್ತು. ಮುಚ್ಚಳ ತೆಗೆದು ಮೂಸಿದೆ. ವಾಸನೆಯೇ ಇರಲಿಲ್ಲ. ಇರಬೇಕಾದ ವಾಸನೆ ಯಾವುದೆಂದು ಮಾತ್ರ ಕೂಡಲೇ ನೆನಪಾಯಿತು… ಬಿಸಿಯಾದ ಮರ, ಹಸಿ ಹಿಂಡಿ, ಎತ್ತಿನ ಬೆವರು. ಅದರ ಹಿಂದೆಯೇ ಗಾಣದ ಚಾಚಾ.

ನಾನು ಮದುವೆಯಾಗಿ ಸೇಡಂಗೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ನಮ್ಮ ಓಣಿಯ ತುದಿಗೆ ಅವರ ಗಾಣವಿತ್ತು. ಹೊಲದಲ್ಲಿ ಬೆಳೆದ ಕುಸುಬಿಯನ್ನು ಆಯಾ ಮನೆಯವರೇ ಒಯ್ಯಬೇಕು. ಒಬ್ಬರ ಕಾಳಿಗೆ ಇನ್ನೊಬ್ಬರ ಕಾಳನ್ನು ಚಾಚಾ ಎಂದೂ ಸೇರಿಸುತ್ತಿರಲಿಲ್ಲ. ನಮ್ಮ ಪಾತ್ರೆಯನ್ನೇ ಗಾಣದ ಕೆಳಗೆ ಇಡಬೇಕು. ಎಣ್ಣೆ ನಮಗೆ, ಹಿಂಡಿ ಅವರಿಗೆ; ಅದೇ ಕೂಲಿ. ಮೊದಲ ಎಣ್ಣೆ ಇಳಿದಾಗ ಒಂದು ಹನಿಯನ್ನು ಮನೆಯ ಹೆಂಗಸಿನ ಅಂಗೈಗೆ ಬಿಟ್ಟು, “ಹೆಂಗದ ಅವ್ವಾ?” ಎಂದು ಕೇಳುತ್ತಿದ್ದರು. ಆಕೆ ನೆಕ್ಕಿ “ನಮ್ದೇ ಅದ” ಎಂದ ಮೇಲೆಯೇ ಎತ್ತು ಮತ್ತೆ ಹೆಜ್ಜೆ ಹಾಕುತ್ತಿತ್ತು.

ಮೊದಲ ಸಲ ಹೋದಾಗ ಏನು ಹೇಳಬೇಕೆಂದು ತಿಳಿಯದೆ ಅಂಗೈ ಚಾಚಿ ನಿಂತಿದ್ದೆ. ಎದುರು ಮನೆಯ ಮುದುಕಿ ಆಯಿ ಅಲ್ಲೇ ಕುಳಿತಿದ್ದಳು. “ಹೊಸಾ ಸೊಸಿ ಅದಾಳ ತಮ್ಮಾ, ಆಕಿಗೇನ್ ಕೇಳ್ತಿ? ಉಪ್ಪು ಕಮ್ಮಿ ಆಗ್ಯದ ಅಂದಾಳು” ಎಂದಳು. ಚಾಚಾ ಎತ್ತಿನ ಬೆನ್ನಿಗೆ ಕೈಯಿಟ್ಟು ನಕ್ಕರು.

ಕೆಲವು ವರ್ಷಗಳಲ್ಲಿ ಬಜಾರಿಗೆ ಮುಂಬೈ ಕಡೆಯ ದೊಡ್ಡ ಕಂಪನಿಯ, ಮೇಲೆ ಚಿತ್ರವಿದ್ದ ಎಣ್ಣೆ ಡಬ್ಬಿಗಳು ಬಂದವು. ಕಾಳು ಹೊರಬೇಕಿಲ್ಲ, ಕಾಯಬೇಕಿಲ್ಲ. ಗಾಣದ ಮುಂದೆ ಕೂರುವವರು ಕಡಿಮೆಯಾದರು. ಒಂದು ಪಂಚಮಿ ಹಬ್ಬಕ್ಕೆ ಚಾಚಾ ತಾವೂ ಹಾಗೆಯೇ ಮಾಡಲು ಹೊರಟರು. ಪೇಟೆಯ ಕಾಳು ಕೊಂಡು, ಎಣ್ಣೆ ತೆಗೆದು, ತಗಡಿನ ಡಬ್ಬಿಗಳಲ್ಲಿ ತುಂಬಿಟ್ಟರು. “ತಯಾರ್ ಅದ, ಒಯ್ರಿ” ಎನ್ನುತ್ತಿದ್ದರು. ಅಂಗೈಗೆ ಹನಿ ಬೀಳುವುದು ನಿಂತಿತು.

ತುಂಬುವಾಗ ಆ ಡಬ್ಬಿಗಳಲ್ಲಿ ಒಂದು ಖಾಲಿ ಇರಲಿಲ್ಲ. ಬಂಡಿಯ ಗಾಲಿಗೆಂದು ತೆಗೆದಿಟ್ಟ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಅದರಲ್ಲಿ ಅರ್ಧದಷ್ಟಿತ್ತು. ಹಬ್ಬದ ಅವಸರದಲ್ಲಿ ಅದರ ಮೇಲೆಯೇ ಕುಸುಬಿ ಎಣ್ಣೆ ಸುರಿದಿದ್ದರು. ಪಂಚಮಿಯ ದಿನ ಆ ಡಬ್ಬಿಯಿಂದ ಅಳೆದು ಕೊಟ್ಟ ಎಣ್ಣೆಯಲ್ಲಿ ಕರಿದದ್ದನ್ನು ತಿಂದ ಕೆಲವು ಮನೆಗಳವರು ವಾಂತಿ ಭೇದಿಯಿಂದ ನೆಲ ಹಿಡಿದರು. ನಾನೂ ಅತ್ತೆಯೂ ಮರುದಿನ ಎದ್ದು ಕುಳಿತೆವು. ಆಯಿ ಏಳಲಿಲ್ಲ. ಹೊರಸಿನ ಮೇಲೆ ಹೊತ್ತು ಸರಕಾರಿ ದವಾಖಾನೆಗೆ ಒಯ್ದರು. ದಾರಿಯುದ್ದಕ್ಕೂ ಅವಳ ಕೈ ಹಿಡಿದಿದ್ದವಳು ನಾನು. ಆ ಕೈಯ ತಣುಪು ಇನ್ನೂ…

ಮಳೆಗೆ ಬಾವಿಯ ನೀರು ಕೆಟ್ಟಿದೆ ಎಂದೇ ಎಲ್ಲರೂ ತಿಳಿದಿದ್ದರು. ಅಂದು ಮಧ್ಯಾಹ್ನ ಬಂಡಿಯವನೊಬ್ಬ ಗಾಲಿಗೆ ಎಣ್ಣೆ ಕೇಳಿ ಬಂದನಂತೆ. ಔಡಲದ ಡಬ್ಬಿ ಹುಡುಕಿದಾಗ ಚಾಚಾಗೆ ನಡೆದದ್ದು ತಿಳಿಯಿತು. ನೇರ ದವಾಖಾನೆಗೆ ಬಂದರು. ಹಿಂದೆಯೇ ಅವರ ಹೆಂಡತಿಯ ತಮ್ಮನೂ ಬಂದ. ಕಟ್ಟೆಯ ಮೇಲೆ ಅವನು ಸಣ್ಣ ದನಿಯಲ್ಲಿ ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸಿತು.

“ಎಲ್ಲಾರೂ ಬಾವಿ ನೀರು ಅನ್ಲಿಕತ್ತಾರ, ಅನ್ಲಿ ಬಿಡ್ರಿ. ನೀವು ಬಾಯಿ ಬಿಟ್ರಿ ಅಂದ್ರ ಗಾಣ ಹೋಯ್ತು. ಕಂಪನಿಯವ್ರು ಹಿಂಗ ಬಂದು ಹೇಳ್ತಾರೇನು?”

“ಅವರ ಡಬ್ಬಿಗಿ ಚಿತ್ರ ಅದ, ಕಾಲಿಲ್ಲ. ನನಗ ಕಾಲ ಅವ. ಹೋಗ್ತೀನಿ.”

“ಮಂದಿ ಚಪ್ಪಲಿಲೆ ಹೊಡೀತಾರ.”

“ಹೊಡೀಲಿ. ಗುರ್ತಿನ ಮಂದಿ ಚಪ್ಪಲಿ.”

ಸಂಜೆ ತಲೆಯ ಮೇಲೆ ದೊಡ್ಡ ಹಂಡೆ ಹೊತ್ತು ಮನೆಮನೆಗೂ ಬಂದರು. “ತಪ್ಪು ನಂದದ. ಎಣ್ಣ್ಯಾಗ ಔಡಲ ಬೆರ್ತದ. ಇದ್ದದ್ದು ಇದರಾಗ ಸುರೀರಿ.” ಅತ್ತೆ ಬಾಯಿಗೆ ಬಂದಂತೆ ಬೈದರು. ಅವರು ಬೈದು ಮುಗಿಸುವವರೆಗೆ ಚಾಚಾ ತಲೆ ಎತ್ತಲಿಲ್ಲ, ಮೆಟ್ಟಿಲೂ ಇಳಿಯಲಿಲ್ಲ. ಆಮೇಲೆ ಹಂಡೆ ಎತ್ತಿಕೊಂಡು ಪಕ್ಕದ ಮನೆಯ ಮುಂದೆ ನಿಂತು ಅದೇ ಮಾತನ್ನು ಮೊದಲಿನಿಂದ ಹೇಳಿದರು. ಎಣ್ಣೆಯನ್ನೆಲ್ಲ ಊರ ಹೊರಗಿನ ತಗ್ಗಿಗೆ ಸುರಿದು ಬಂದರು.

ಗಾಣ ನಿಂತಿತು. ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆ ಗೂಟಕ್ಕೆ ನೇತಾಡುತ್ತಿತ್ತು. ಒಬ್ಬರೂ ಆ ಕಡೆ ಕಾಳು ಒಯ್ಯಲಿಲ್ಲ. ಚಾಚಾ ದಿನವೂ ದವಾಖಾನೆಗೆ ಗಂಜಿ ಒಯ್ದು, ಆಯಿ ಕುಡಿಯುವವರೆಗೆ ಬಾಗಿಲ ಹೊರಗೆ ಕಾಯುತ್ತಿದ್ದರು.

ಆಯಿ ಬದುಕಿದಳು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ನನ್ನ ತಲೆಯ ಮೇಲೆ ಕುಸುಬಿಯ ಬುಟ್ಟಿ ಹೊರಿಸಿ, ಹೆಗಲು ಹಿಡಿದುಕೊಂಡು ಗಾಣದವರೆಗೆ ನಡೆದಳು. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಚಾಚಾ ಎತ್ತು ಕಟ್ಟಿದರು. ಎಣ್ಣೆ ಇಳಿಯಿತು. ಆಯಿಯ ಅಂಗೈಗೆ ಒಂದು ಹನಿ ಬಿಟ್ಟು, ಮುಖ ಆಚೆ ತಿರುಗಿಸಿ ನಿಂತರು.

“ಕೇಳೋದು ಮರ್ತೇನ್ ತಮ್ಮಾ?”

“…ಹೆಂಗದ, ಆಯಿ?”

ಅವಳು ನಿಧಾನವಾಗಿ ನೆಕ್ಕಿದಳು. “ನಂದೇ ಅದ” ಎಂದಳು, ಎಲ್ಲರಿಗೂ ಕೇಳುವಂತೆ. “ಮತ್ತ ಡಬ್ಬಿ ಧಂದೆ ಮಾಡ್ದಿ ಅಂದ್ರ ನೋಡು, ದೆವ್ವಾಗಿ ಬಂದು ನಿನ್ನ ಗಾಣದ ಮ್ಯಾಲೇ ಕುಂದರ್ತೀನಿ.”

ಚಾಚಾ ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಮರುದಿನ ಅತ್ತೆಯೇ ನನ್ನ ಕೈಗೆ ಕಾಳಿನ ಚೀಲ ಕೊಟ್ಟರು.

ಕೊನೆಯವರೆಗೂ ಅವರು ಒಂದು ಮನೆಯ ಕಾಳನ್ನು ಇನ್ನೊಂದಕ್ಕೆ ಸೇರಿಸಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ತೀರಿಕೊಂಡರು. ಮಕ್ಕಳು ವಾಡಿಯ ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಹೋದರು. ಗಾಣದ ಮರ ಯಾರದೋ ಒಲೆಗೆ ಹೋಯಿತೆಂದು ಕೇಳಿದೆ…

ಬಾಟಲಿಯ ಮೇಲಿನ ಊರಿನ ಹೆಸರು ಓದಿದೆ. ನಾನು ನೋಡದ ಊರು. ಎಣ್ಣೆ ಕೆಟ್ಟದ್ದೇನೂ ಅಲ್ಲ. ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಮಗಳು ಒಲೆಯ ಕಡೆ ತಿರುಗಿದ್ದಳು. ಅಂಗೈ ಹಾಗೆಯೇ ಚಾಚಿಕೊಂಡು ಸ್ವಲ್ಪ ಹೊತ್ತು ಕುಳಿತಿದ್ದೆ. “ಹೆಂಗದ?” ಎಂದು ಯಾರೂ ಕೇಳಲಿಲ್ಲ.