ಮಂಗಳಕ್ಕೆ ಮೊದಲೇ ಎದ್ದವರು

ಮಂಗಳ ಹಾಡುವ ಮುಂಚೆ ಎದ್ದು ಹೋಗುವವರನ್ನು ಕಂಡರೆ ನಮ್ಮ ಯಜಮಾನರಿಗೆ ಮೈ ಉರಿಯುತ್ತಿತ್ತು. ಸಂಗೀತ ಕಚೇರಿ ಎಷ್ಟೇ ಕೆಟ್ಟದಾಗಿರಲಿ, ಕೊನೆಯ ಮಂಗಳ ಮುಗಿಯುವವರೆಗೆ ಕುರ್ಚಿ ಬಿಡುತ್ತಿರಲಿಲ್ಲ. 'ಮಜ್ಜಿಗೆ ಅನ್ನಕ್ಕೆ ಮುಂಚೆ ಎಲೆ ಬಿಟ್ಟು ಏಳ್ತಾರೇನೇ ಯಾರಾದ್ರೂ?' ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮುಂದಿನ ಲೋಕಲ್ ಟ್ರೈನು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿರುತ್ತಿದ್ದೆ.

ಅವರ ಹೆಸರು ನಂಜುಂಡ. ಮೂವತ್ತೈದು ವರ್ಷ ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೋಗಿ ವಿಮಾ ಕಂಪನಿಯೊಂದರಲ್ಲಿ ಫೈಲು ನೋಡಿದವರು. ಭಾನುವಾರ ಬೆಳಿಗ್ಗೆ ಮಾತ್ರ ನಮ್ಮ ಹಾಲಿನಲ್ಲಿ ಸಂಗೀತ ಪಾಠ. ಬಂದ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸ್ ಬಂತೆಂದು ಬಿಟ್ಟರು. ಬಿಡದೆ ಹತ್ತು ವರ್ಷ ಬಂದವಳು ಒಬ್ಬಳೇ, ನಮ್ಮದೇ ಬಿಲ್ಡಿಂಗಿನ ವಿನೋದಿನಿಯ ಮಗಳು ಶ್ರಾವ್ಯಾ. ವಿನೋದಿನಿ ಉಡುಪಿ ಕಡೆಯವಳು, ಗಂಡನದು ಸ್ಟೇಷನ್ ಹತ್ತಿರ ಹೋಟೆಲು. ನಮಗೆ ಮಕ್ಕಳಿಲ್ಲ. ಆ ಹುಡುಗಿ ಬೆಲ್ ಒತ್ತಿದರೆ ಇವರು ಪೇಪರ್ ಬಿಸಾಡಿ ತಾವೇ ಬಾಗಿಲು ತೆಗೆಯಲು ಓಡುತ್ತಿದ್ದರು.

ಹದಿನೇಳಕ್ಕೆ ಅವಳು ಗಿಟಾರ್ ಹಿಡಿದು ಬಂದಳು. ಹಿಂದಿ, ಇಂಗ್ಲಿಷ್ ಕಲಸಿ ತಾನೇ ಹಾಡು ಕಟ್ಟುತ್ತೇನೆ, ಇದಕ್ಕೆ ಸೋಲ್-ಪಾಪ್ ಅನ್ನುತ್ತಾರೆ ಎಂದಳು. ನಕ್ಕು ಸುಮ್ಮನಾಗಬಹುದಿತ್ತು. ಇವರು, 'ಸೋಲೂ ಆಯ್ತು, ಪಾಪವೂ ಆಯ್ತು. ಮಾಡ್ಕೋ ಹೋಗು. ನಾನು ನಿನ್ನ ಗುರು ಅಂತ ಎಲ್ಲೂ ನನ್ನ ಹೆಸರು ಮಾತ್ರ ಹೇಳ್ಬೇಡ' ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ವರ್ಷ ಅವಳು ನಮ್ಮ ಹೊಸಿಲು ತುಳಿಯಲಿಲ್ಲ. ಇವರು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಅವಳ ಹಾಡು ಕದ್ದು ಕೇಳುತ್ತಿದ್ದುದು ನನಗೇನು ಗೊತ್ತಿರಲಿಲ್ಲವೇ?

ಹೋದ ಫೆಬ್ರವರಿಯಲ್ಲಿ ವಿನೋದಿನಿ ಎರಡು ಪಾಸ್ ತಂದುಕೊಟ್ಟಳು. ಹಿಂದೆಯೇ ಶ್ರಾವ್ಯಾಳ ವಾಯ್ಸ್ ಮೆಸೇಜ್ ಬಂತು. 'ಸರ್, ಕುರ್ಲಾ ಹತ್ತಿರ ಗ್ರೌಂಡಲ್ಲಿ ನನ್ನ ಶೋ ಉಂಟು, ಸಂಡೇ. ಚಾರ್ ಬಜೇ ಗೇಟ್ ಓಪನ್. ಸೌಂಡ್ ಬಹುತ್ ಜೋರು, ಕಿವಿಗೆ ಹತ್ತಿ ಇಡಿ. ಎಲ್ಲರೂ ನಿಂತು ಡಾನ್ಸ್ ಮಾಡ್ತಾರೆ, ನಿಮಗೆ, ಆಂಟಿಗೆ ಚೇರ್ ಹೇಳಿದ್ದೇನೆ. ಡಬ್ಬಿ ಬಾಟಲಿ ಬಿಡುದಿಲ್ಲ. ಪ್ಲೀಸ್ ಸರ್, ಕೊನೆವರೆಗೆ ಇರಿ.' ಇವರು ಅದನ್ನು ಎಷ್ಟು ಸಲ ಕೇಳಿದರೋ. 'ಎದುರು ಸಿಕ್ಕರೆ ತಪ್ಪಾಯ್ತು ಮಗು ಅಂದ್ಬಿಡ್ತೀನಿ ಕಣೇ' ಎಂದರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಆ ಬಾಯಿಂದ ತಪ್ಪಾಯ್ತು ಎಂಬ ಮಾತು ನಾನೂ ಕೇಳಿರಲಿಲ್ಲ.

ಡಬ್ಬಿ ಬಿಡುವುದಿಲ್ಲ ಎಂದಿದ್ದರೂ ನಾನು ಕೋಡುಬಳೆ ಒಯ್ದೆ, ಗೇಟಿನಲ್ಲಿ ಕಿತ್ತುಕೊಂಡರು. ಅಲ್ಲಿಂದಲೇ ನನ್ನ ತಲೆ ಕೆಟ್ಟಿತು. ಡ್ರಮ್ಮಿನ ಪೆಟ್ಟು ಎದೆಗೇ ಬೀಳುತ್ತಿತ್ತು. ಮುಂದೆ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಶ್ರಾವ್ಯಾ ಅರ್ಧ ಸಾಲು ಹಾಡಿ ಮೈಕನ್ನು ಜನರ ಕಡೆ ಚಾಚಿದರೆ ಉಳಿದರ್ಧ ಅವರು ಹಾಡುತ್ತಿದ್ದರು. 'ಪಾಠ ಒಪ್ಪಿಸೋಕೆ ಹೇಳ್ತಿದ್ದಾಳೆ' ಎಂದು ಇವರು ನಕ್ಕರು. ಆಮೇಲೆ ಒಂದು ನಿಧಾನದ ಹಾಡಿನಲ್ಲಿ ಅವಳು ಸ್ವರವನ್ನು ಮೇಲೆ ಹಿಡಿದು ಮೆಲ್ಲಗೆ ಇಳಿಸಿದಳು. ಇವರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. 'ಶ್ರುತಿ ಕೂದಲೆಳೆಯಷ್ಟೂ ಬಿಟ್ಟಿಲ್ಲ ಕಣೇ. ಪಾಪಿ ನಾನು' ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಏಳು ಗಂಟೆಗೆ ಅವಳು ಥ್ಯಾಂಕ್ಯೂ ಮುಂಬೈ ಎಂದು ಕೈಬೀಸಿ ಒಳಗೆ ಹೋದಳು. ದೀಪ ಆರಿತು. ನಾನು ಬ್ಯಾಗ್ ಹೆಗಲಿಗೇರಿಸಿದೆ.

'ಇರು ಪುಟ್ಟಲಕ್ಷ್ಮಿ, ಮಂಗಳ ಆಗ್ಲಿಲ್ವಲ್ಲ' ಎಂದರು.

'ಇವರಿಗೆಲ್ಲಿಯ ಮಂಗಳ ರೀ, ಏಳಿ. ಭಾನುವಾರ ಗಾಡಿ ಕಮ್ಮಿ, ಈ ಜನ ಎಲ್ಲ ನುಗ್ಗಿದ್ರೆ ದಾದರ್‌ನಲ್ಲಿ ಕಾಲಿಡೋಕಾಗಲ್ಲ. ಅವಳನ್ನ ನಾಳೆ ಊಟಕ್ಕೆ ಕರೆದ್ರಾಯ್ತು.'

'ಜನ ಯಾರೂ ಹೋಗ್ತಿಲ್ಲ ನೋಡು. ಕೂಗ್ತಿದ್ದಾರೆ.'

'ಕೂಗೋದೇ ಅವರ ಕೆಲಸ' ಎಂದು ತೋಳು ಹಿಡಿದು ಎಬ್ಬಿಸಿದೆ. ಗೇಟು ದಾಟುವವರೆಗೂ ಅವರು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದರು.

ದಾದರ್‌ನಲ್ಲಿ ಗಾಡಿ ಬದಲಿಸುವಾಗ ಬ್ರಿಜ್ಜಿನ ಮೇಲೆ ವಿನೋದಿನಿಯ ಫೋನು. ಗದ್ದಲಕ್ಕೆ ಸ್ಪೀಕರ್ ಹಾಕಿದೆ. 'ಎಲ್ಲಿ ಹೋದದ್ದು ಅಕ್ಕ ನೀವು? ಅವಳು ಪುನಃ ಬಂದಳಲ್ಲ! ಈ ಶೋದಲ್ಲಿ ಹಾಗೇ, ಒಳಗೆ ಹೋದ ಹಾಗೆ ಮಾಡುದು, ಜನ ಕೂಗಿ ಕರೀಬೇಕು, ಮತ್ತೆ ಬಂದು ಕೊನೇ ಹಾಡು. ಬಂದವಳು ಕನ್ನಡದಲ್ಲೇ ಹೇಳಿದಳು, ನನ್ನ ಗುರುಗಳು ಇಲ್ಲೇ ಇದ್ದಾರೆ, ಹೆಸರು ಹೇಳ್ಬೇಡ ಅಂದಿದ್ದರು, ಇವತ್ತು ಪರ್ಮಿಷನ್ ಕೇಳ್ತೇನೆ, ಸರ್, ಎದ್ದು ನಿಲ್ಲಿ ಅಂತ. ಲೈಟ್ ತಿರುಗಿಸಿದರು. ಎರಡು ಖಾಲಿ ಚೇರ್. ಗಿಟಾರ್ ಇಲ್ಲದೆ ಮಂಗಳ ಹಾಡಿದಳು ಅಕ್ಕ. ಮಾಸ್ಟ್ರು ಕಲಿಸಿದ ಆ ಮಧ್ಯಮಾವತಿ ರಾಗದ್ದು.'

ಆಮೇಲೆ ಶ್ರಾವ್ಯಾಳ ದನಿ ಬಂತು. 'ಸರ್, ಯಾಕೆ ಹೋದ್ರಿ?'

'ಮುಗೀತು ಅಂದ್ಕೊಂಡೆ ಮಗು.'

'ಮಂಗಳ ಆಗ್ದೆ ಹೇಗೆ ಮುಗೀತದೆ ಸರ್? ನೀವೇ ಕಲಿಸಿದ್ದಲ್ವಾ.'

ಇವರು ಒಮ್ಮೆ ನನ್ನ ಮುಖ ನೋಡಿದರು. 'ಹೌದಮ್ಮಾ. ತಪ್ಪಾಯ್ತು. ನಾನೇ ಎದ್ದೆ' ಎಂದರು.

'ಗೊತ್ತಾಯ್ತು ಸರ್. ನಿಮಗೆ ಇನ್ನೂ ಇಷ್ಟ ಇಲ್ಲ. ಎಲ್ಲೂ ನಿಮ್ಮ ಹೆಸರು ಹೇಳುದಿಲ್ಲ' ಎಂದು ಫೋನಿಟ್ಟಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಊರಿಗೆಲ್ಲ ಉತ್ತರ ಕೊಡುವ ಬಾಯಿ ನನ್ನದು. ಎಬ್ಬಿಸಿದವಳು ನಾನು ಕಣಮ್ಮಾ ಎಂಬ ಒಂದು ಮಾತು ಆಗ ಹೊರಡಲಿಲ್ಲ, ಇವತ್ತಿನವರೆಗೂ ಹೊರಟಿಲ್ಲ. ಮನೆಗೆ ಬಂದ ಮೇಲೂ ಇವರು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಬ್ರಿಜ್ಜು ಇಳಿದರೆ ದಾದರ್‌ನಿಂದಲೇ ಹೊರಡುವ ಬೊರಿವಲಿ ಲೋಕಲ್ ನಿಂತಿತ್ತು. ಬೋಗಿ ಪೂರ್ತಿ ಖಾಲಿ. ಇಬ್ಬರಿಗೂ ಕಿಟಕಿ ಪಕ್ಕದ ಸೀಟು ಸಿಕ್ಕಿತು.