ವಾಸಣ್ಣನ ಹೋಟೆಲಿನ ಮೂಲೆ ಟೇಬಲು

ಭೂತ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಮೂಡುಬಿದಿರೆಯಲ್ಲಿ ಹೋಟೆಲೆಂದರೆ ಎರಡೋ ಮೂರೋ ಇದ್ದ ಕಾಲದಲ್ಲಿ ನನ್ನ ಅಪ್ಪ ಬಸದಿಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲು ಹಾಕಿದರು. ಮುಳಿಹುಲ್ಲಿನ ಮಾಡು, ಎರಡು ಬೆಂಚು, ಸೌದೆ ಒಲೆ. ಹೊರಗೆ ತಿಂದರೆ ಮರ್ಯಾದೆ ಹೋಗುತ್ತದೆಂದು ಕೆಲವರು ಹಿಂದಿನ ಬಾಗಿಲಿಂದ ಬಂದು ಚಹಾ ಕುಡಿದು ಹೋಗುತ್ತಿದ್ದರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಮಾಡಿಗೆ ಹೆಂಚು ಬಂದಿತ್ತು. ನಮ್ಮ ಬಾಳೆಹಣ್ಣಿನ ಬನ್ಸ್ ಮತ್ತು ಸಾಂಬಾರಿಗೆ ದೂರದ ನಾರಾವಿಯಿಂದಲೂ ಜನ ಬರುತ್ತಿದ್ದರು. ಅಡುಗೆ ನಮ್ಮಲ್ಲಿ ಕೆಲಸಕ್ಕಿದ್ದ ವಾಸಣ್ಣನದು. ಅಪ್ಪ ಜೊತೆಗೆ ನಿಂತು ಕಲಿಸಿದ್ದು ಅವನಿಗೆ, ನನಗಲ್ಲ. ನನ್ನನ್ನು ದುಡ್ಡು ಎಣಿಸಲು ಗಲ್ಲದಲ್ಲಿ ಕೂರಿಸಿದರು.

ಅಪ್ಪ ತೀರಿಕೊಂಡ ಮೇಲೆ ವಾಸಣ್ಣ ಗಲ್ಫಿಗೆ ಹೋದ. ತೊಂಬತ್ತರ ದಶಕದಲ್ಲಿ ತಿರುಗಿ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಹೋಟೆಲು ತೆರೆದ. ಕಾಲೇಜಿನ ಮಕ್ಕಳೆಲ್ಲ ಅಲ್ಲಿಗೇ. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಗಿರಾಕಿಗಳೇ, "ನಿಮ್ಮ ಅಪ್ಪನ ಕೈರುಚಿ ಈಗ ಅಲ್ಲಿ ಉಂಟು ಮಾರಾಯ್ರೆ" ಎಂದಾಗ ಹೊಟ್ಟೆಯೊಳಗೆ ಕೆಂಡ ಸುರಿದಂತಾಗುತ್ತಿತ್ತು. ನಾನು ಅವನ ಮೆಟ್ಟಿಲು ತುಳಿಯಲಿಲ್ಲ. ಸಂಜೆ ನಾಲ್ಕಕ್ಕೆ ನಮ್ಮ ಟೇಬಲುಗಳು ಖಾಲಿ ಬಿದ್ದಿರುವಾಗ ಮಾತ್ರ ಕಣ್ಣು ಮುಚ್ಚಿ ಅವನ ಹೋಟೆಲನ್ನೇ ಕಲ್ಪಿಸುತ್ತಿದ್ದೆ. ಯಾರು ಬಂದಿದ್ದಾರೆ, ಏನು ತಿನ್ನುತ್ತಿದ್ದಾರೆ ಎಂದು.

ಒಂದು ಬೆಳಿಗ್ಗೆ ವಾಸಣ್ಣನೇ ಬಂದು ಗಲ್ಲದ ಮುಂದೆ ನಿಂತ.

"ಧಣಿ, ಒಂದು ಕೇಳ್ತೇನೆ, ಕೋಪ ಮಾಡ್ಬೇಡಿ. ದಿನಾ ನಾಲ್ಕು ಗಂಟೆಗೆ ಬಂದು ಮೂಲೆ ಟೇಬಲಲ್ಲಿ ಕೂತ್ಕೊಳ್ತೀರಿ. ಇಟ್ಟದ್ದನ್ನು ಮುಟ್ಟುದಿಲ್ಲ. ಬೇರೆಯವರ ಪ್ಲೇಟನ್ನೇ ನೋಡ್ತೀರಿ. ನಾನು ಏನು ತಪ್ಪು ಮಾಡಿದ್ದೇನೆ?"

ತಮಾಷೆ ಮಾಡಲು ಬಂದಿದ್ದಾನೆಂದು ನನಗೆ ಸಿಟ್ಟು ಬಂತು. ನಮ್ಮ ಹಳೆಯ ಸಪ್ಲಾಯರ್ ಲಿಂಗಪ್ಪನನ್ನು ಕರೆದೆ. "ಧಣಿ ಆ ಹೊತ್ತಿಗೆ ಇಲ್ಲಿಂದ ಏಳುದೇ ಇಲ್ಲ. ಚಹಾ ಕೊಡುದು ನಾನೇ ಅಲ್ವಾ?" ಎಂದ ಅವನು. ವಾಸಣ್ಣನ ಮುಖ ಬಿಳಿಚಿಕೊಂಡಿತು. ಬೇಗ ಬೇಗ ಹೊರಟುಹೋದ.

ಆ ಸಂಜೆ ನಾಲ್ಕಕ್ಕೆ ತಡೆಯಲಾಗದೆ ಅವನ ಹೋಟೆಲಿಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡ ಅಲ್ಲಿನ ಸಪ್ಲಾಯರ್ ಟ್ರೇ ಹಿಡಿದು ಹಾಗೇ ನಿಂತುಬಿಟ್ಟ. "ಈಗ ಒಳಗೆ ಕೂತಿದ್ರಲ್ಲ, ಯಾವಾಗ ಹೊರಗೆ ಹೋದ್ರಿ?" ಎಂದ. ಮೂಲೆಯಲ್ಲಿ ಯಾರೂ ಇರಲಿಲ್ಲ. ಮುಟ್ಟದ ಬನ್ಸ್, ಹಬೆಯಾಡುವ ಚಹಾ, ಹಿಂದಕ್ಕೆ ಸರಿಸಿದ ಕುರ್ಚಿ. ಪಕ್ಕದ ಹಸಿರು ಗೋಡೆ, ಕೈ ತೊಳೆಯುವಲ್ಲಿದ್ದ ಒಡೆದ ಕನ್ನಡಿ, ಎಲ್ಲವೂ ನಾನು ಗಲ್ಲದಲ್ಲಿ ಕೂತು ಕಲ್ಪಿಸಿಕೊಂಡ ಹಾಗೆಯೇ ಇದ್ದವು. ಆ ಕುರ್ಚಿಯಲ್ಲೇ ಕೂತೆ. ವಾಸಣ್ಣ ಬಿಸಿ ಸಾಂಬಾರು ತಂದಿಟ್ಟು, "ತಿನ್ನಿ ಧಣಿ" ಎಂದ. ತಿಂದೆ. ಅದು ಅಪ್ಪನ ಸಾಂಬಾರೇ. ಹೊಟ್ಟೆಕಿಚ್ಚು ಅಂದಿಗೇ ಆರಿತು ಎಂದರೆ ಸುಳ್ಳಾದೀತು. ಆದರೆ ಆಮೇಲೆ ಆ ಟೇಬಲಿಗೆ ಯಾರೂ ಬಂದು ಹಾಗೆ ಕೂರಲಿಲ್ಲವಂತೆ.

ವರ್ಷಗಳ ನಂತರ, ನಾನು ಹೋಟೆಲು ಮುಚ್ಚಿದ ಮೇಲೆ, ವಾಸಣ್ಣನಿಗೆ ಸೌಖ್ಯವಿಲ್ಲವೆಂದು ನೋಡಲು ಹೋಗಿದ್ದೆ. "ಆ ಮೂಲೆಯಲ್ಲಿ ಕೂರ್ತಿದ್ದವ ಯಾವತ್ತಾದ್ರೂ ಮಾತಾಡಿದ್ದುಂಟಾ?" ಎಂದು ಕೇಳಿದೆ. ಅವನು ದಿಂಬಿಗೆ ಒರಗಿ ಹೇಳಿದ.

"ಒಂದೇ ಸಲ. ಸಾಂಬಾರಿಗೆ ಉಪ್ಪು ಸ್ವಲ್ಪ ಕಡಿಮೆ ಅಂತ ಹೇಳಿದ್ರು. ರುಚಿ ನೋಡಿರ್ಲಿಲ್ಲ. ನಾನು ನೋಡಿದೆ, ಹೌದು, ಕಡಿಮೆಯೇ ಇತ್ತು."

ನಾಲಗೆಗೆ ತಾಗಿಸದೆ, ಬರೀ ಹಬೆಯ ವಾಸನೆಯಿಂದ ಉಪ್ಪಿನ ಹದ ಹೇಳುತ್ತಿದ್ದವರು ಅಪ್ಪ. ನನಗೆ ಆ ವಿದ್ಯೆ ಬರಲಿಲ್ಲ. ಮುಖ ಮಾತ್ರ ಅವರದೇ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ.

ನನ್ನ ಹೊಟ್ಟೆಕಿಚ್ಚೇ ಎದ್ದುಹೋಗಿ ಅಲ್ಲಿ ಕೂತಿತ್ತೆಂದರೆ ಹೇಗೋ ನಂಬಿಯೇನು. ಅಪ್ಪನೇ ಆಗಿದ್ದರೆ? ನಮ್ಮ ಹೋಟೆಲು ಅಲ್ಲಿಂದ ಎಷ್ಟು ದೂರ? ಒಂದು ದಿನವಾದರೂ ಒಳಗೆ ಬಂದು ನನ್ನ ಸಾಂಬಾರಿಗೂ ಉಪ್ಪು ಕಡಿಮೆ ಎನ್ನಬಾರದಿತ್ತೇ?