ಮಾಮಿಯ ಸೀರೆ, ಮೊಮ್ಮಗಳ ಟ್ರಾನ್ಸ್‌ಮಿಟರ್

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ನನ್ನ ಮೊಮ್ಮಗಳು ಮಾತ್ರ ಕಾಲೇಜಿಗೆ ಹೋಗುತ್ತಲೇ ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಲೈಸೆನ್ಸ್ ತಂದಳು! ವಡಪಳನಿಯ ನಮ್ಮ ಬೀದಿಯಲ್ಲಿ ಈ ಸುದ್ದಿಯನ್ನು ನನ್ನ ಬಾಯಿಂದ ಕೇಳದವರಿಲ್ಲ. ಆದರೆ ಲೈಸೆನ್ಸ್ ಬಂತು, ಊಟದ ಮೇಜು ಹೋಯಿತು. ಮಾತ್ರೆ ಡಬ್ಬಿಗೆ ತಾಮ್ರದ ತಂತಿ ಸುತ್ತಿ ಅವಳೇ ಕಟ್ಟಿದ ಟ್ರಾನ್ಸ್‌ಮಿಟರ್ ಮೇಜಿನ ಮೇಲೆ ಕೂತಿತು, ನಾವು ನೆಲಕ್ಕೆ ಕೂತೆವು.

ಮೈಸೂರಿನ ಹಿರಿಯರೊಬ್ಬರು ಭಾನುವಾರ ಬೆಳಿಗ್ಗೆ ಎಂಟಕ್ಕೆ ತಮ್ಮ ರೇಡಿಯೋಗೆ ಕಿವಿಗೊಟ್ಟು ಕಾಯುತ್ತೇನೆ ಎಂದಿದ್ದರು. ಅವರಿಗೆ ಇವಳು ತಂತಿ ಕಚೇರಿಯವರ ಹಾಗೆ ಕುಟ್ಟುವ ಕಟ್ಟ-ಕಡ ಸದ್ದು ಮುಟ್ಟಬೇಕು. ಅಷ್ಟಕ್ಕೇ ಹುಡುಗಿಗೆ ನಿದ್ದೆಯಿಲ್ಲ.

"ಬೀದಿ ತುದೀಲೇ ಎಸ್‌ಟಿಡಿ ಬೂತ್ ಇದೆಯಲ್ಲೇ!"

"ಅಜ್ಜೀ, ಸುಮ್ನಿರಿ ಪ್ಲೀಸ್. ಮುಳ್ಳು ಇಳೀತಿದೆ."

ಸದ್ದು ಸರಿಯಾಗಿ ಹೊರಗೆ ಹೋಗುತ್ತಿದೆಯೇ ಎಂದು ತೋರಿಸುವ ಆ ಮೀಟರಿನ ಮುಳ್ಳು ನಮ್ಮೆಲ್ಲರ ಪ್ರಾಣ ತಿಂದಿತು. ಸ್ಕ್ರೂ ತಿರುಗಿಸಿದರೆ ಏರುತ್ತದೆ, ಯಾರೂ ಮುಟ್ಟದಿದ್ದರೂ ಸ್ವಲ್ಪ ಹೊತ್ತಿಗೆ ಮಲಗುತ್ತದೆ. ಅವಳು ತಿರುಗಿಸಿದಾಗಲೆಲ್ಲ ನನ್ನ ಟಿವಿ ತುಂಬಾ ಗೆರೆ. ಭಾನುವಾರವೂ ಕಾಫಿ ಹೊತ್ತಿಗೆ ನೆಟ್ಟಗಿದ್ದ ಮುಳ್ಳು ಎಂಟಾಗುತ್ತಿದ್ದಂತೆ ಇಳಿಯತೊಡಗಿತು.

"ಏರಿಯಲ್ ಬಿತ್ತಾ ನೋಡಿ ಅಜ್ಜಿ!"

ಮಂಡಿ ಹಿಡಿದುಕೊಂಡು ತಾರಸಿ ಹತ್ತಿದೆ. ನೀರಿನ ಟ್ಯಾಂಕಿನಿಂದ ಕಂಬಕ್ಕೆ ಎಳೆದಿದ್ದ ಏರಿಯಲ್ ತಂತಿಯುದ್ದಕ್ಕೂ ಕೆಳಮನೆ ಮಾಮಿಯ ಸೀರೆಗಳು, ಕ್ಲಿಪ್ಪು ಸಮೇತ! ತಾರಸಿಯಲ್ಲಿ ತಂತಿ ಕಂಡರೆ ಬಟ್ಟೆ ಹರವದ ಹೆಂಗಸು ಮದ್ರಾಸಿನಲ್ಲಿ ಯಾರಿದ್ದಾರೆ? ಕೂಗಿ ಹೇಳಿದೆ. ಕೆಳಗೆ ಕಿಟಕಿಯಿಂದ ತಲೆ ಹೊರಹಾಕಿ ಮೊಮ್ಮಗಳು ಹಣೆ ಚಚ್ಚಿಕೊಂಡಳು.

"ಅಯ್ಯೋ! ಸೀರೆ ಒದ್ದೆ ಇರುವಾಗ ಟ್ಯೂನ್ ಮಾಡ್ತೀನಿ, ಒಣಗ್ತಾ ಒಣಗ್ತಾ ತಪ್ಪಿಹೋಗತ್ತೆ!"

"ತೆಗೆದುಬಿಡ್ಲೇನೇ?"

"ಬೇಡ! ತೆಗೆದ್ರೆ ಮತ್ತೆ ಮೊದಲಿಂದ ಶುರು. ಅವರು ಕಾಯ್ತಿದ್ದಾರೆ. ನೀರು ಹಾಕಿ ಅಜ್ಜಿ, ನೀರು!"

ಟ್ಯಾಂಕಿನ ನಲ್ಲಿಯಿಂದ ಚೊಂಬು ತುಂಬಿ ತುಂಬಿ ಎರಚಿದೆ. ಅಷ್ಟರಲ್ಲಿ ಬುಟ್ಟಿ ಹಿಡಿದು ಮಾಮಿಯೇ ಬರಬೇಕೆ!

"ಎನ್ನ ಮಾಮಿ, ಪೈತ್ಯಮಾ?" ನನ್ನನ್ನೂ ಮಾಮಿ ಎಂದೇ ಕರೆಯುವ ಅವರು ತಮಿಳಿನಲ್ಲಿ ಕೇಳಿದರು.

"ಹುಚ್ಚೇ ಹಿಡಿದಿದೆ, ದಯವಿಟ್ಟು ಮುಟ್ಟಬೇಡಿ. ಮೈಸೂರು ಸಿಗೋ ಹೊತ್ತು!"

"ಮೈಸೂರಾ? ಎನ್ ಪೊಡವೈಲಯಾ?" ತಮ್ಮ ಸೀರೆಯೊಳಗೆ ಮೈಸೂರು ಹೇಗೆ ಬಂತೆಂದು ಮಾಮಿ ಬಗ್ಗಿ ನೋಡಿದರು.

ಕೆಳಗಿನಿಂದ ಕಿರುಚಾಟ: "ಅಜ್ಜೀ, ವಂದಾಚು! ಉತ್ತರ ಬಂತು! ಚೆನ್ನಾಗಿ ಕೇಳಿಸ್ತಿದೆಯಂತೆ!"

ನನ್ನ ಕೂಸು! ನನ್ನ ಬಂಗಾರ! ಒದ್ದೆ ಕೈಯಲ್ಲೇ ಮಾಮಿಯನ್ನು ತಬ್ಬಿಕೊಂಡೆ. ಅವರು ಕೊಸರಿಕೊಂಡು, ಇನ್ನೂ ಎಷ್ಟು ಹೊತ್ತು ಮಾತಾಡುತ್ತಾಳೆ ನಿನ್ನ ಮೊಮ್ಮಗಳು ಎಂದು ಗದರಿದರು.

"ಮುಗಿಯೋವರೆಗೆ," ಎಂದು ಅವರ ರೇಷ್ಮೆ ಅಂಚಿಗೆ ಇನ್ನೊಂದು ಚೊಂಬು ಸುರಿದೆ.